ನಾಲ್ಕು ಬೋಲ್ಟಿನ ಕಟ್ಟೆ

ಮಾರುತೇಶನ ಮರ್ಯಾದೆ ಹೋಗಿದ್ದು ಬೆರಳುದ್ದದ ಒಂದು ಕಾಲುವೆಯಿಂದ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಅವನದೊಂದು ವರ್ಕ್‌ಶಾಪು. 'ಇಲ್ಲಿ ಸರ್ವ ಕೆಲಸ ಮಾಡಿಕೊಡಲಾಗುವುದು' ಎಂದು ಬೋರ್ಡು ಬರೆಸಿದ್ದ. ಒಳಗಿದ್ದದ್ದು ಒಂದು ಲೇತು, ಒಂದು ಡ್ರಿಲ್ಲು, ಒಂದು ವೆಲ್ಡಿಂಗ್ ಸೆಟ್ಟು. ಸರ್ವವೂ ಈ ಮೂರರೊಳಗೇ ಮುಗಿಯುತ್ತಿತ್ತು. ಎಣ್ಣೆ ಮಿಲ್ಲಿನವರು ಶಾಫ್ಟು ತಂದುಕೊಟ್ಟರೆ ಮುಖ ನೋಡಿಕೊಳ್ಳುವಷ್ಟು ನುಣ್ಣಗೆ ಕಡೆದು ಕೊಡುತ್ತಿದ್ದ. ಆದರೆ ಮಿಲ್ಲಿನವರಿಗೆ ಶಾಫ್ಟಿನಲ್ಲಿ ಮುಖ ನೋಡಿಕೊಳ್ಳುವ ಆಸೆ ಇರಲಿಲ್ಲ. ಅದರ ಮೇಲೆ ಗಿಯರು ಕೂರಬೇಕು, ಗಿಯರು ಜಾರದೆ ಕೂರಲು ಕೀಲಿ ಎಂಬ ಕಬ್ಬಿಣದ ತುಂಡು ಬೇಕು, ಕೀಲಿ ಕೂರಲು ಶಾಫ್ಟಿನ ಮೈಮೇಲೆ ಬೆರಳುದ್ದದ ಒಂದು ಕಾಲುವೆ ಕೊರೆಯಬೇಕು. ಅದನ್ನು ಕೊರೆಯಲು ಮಿಲ್ಲಿಂಗ್ ಮಷಿನ್ ಬೇಕು. ಅದು ಮಾರುತೇಶನ ಹತ್ತಿರ ಇರಲಿಲ್ಲ. ಹಾಗಾಗಿ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ದಾವಣಗೆರೆ ಬಸ್ಸಿಗೆ ಹಾಕುತ್ತಿದ್ದ. ತವರಿಗೆ ಹೋದ ಸೊಸೆಯ ಹಾಗೆ ಅದು ತನಗೆ ಬೇಕಾದಾಗ ವಾಪಸು ಬರುತ್ತಿತ್ತು.

ಆಯುಧ ಪೂಜೆ ಮುಗಿದು ಅಂಗಡಿಗಳ ಬಾಗಿಲಿಗೆ ಕಟ್ಟಿದ ಬಾಳೆಕಂದು ಇನ್ನೂ ಪೂರ್ತಿ ಒಣಗಿರಲಿಲ್ಲ. ಶೇಂಗಾ ಸುಗ್ಗಿ ಎದುರಿಗಿತ್ತು. ಎಣ್ಣೆ ಮಿಲ್ಲಿನ ಯಜಮಾನಿ ಜಗದಾಂಬ ಕಾರು ನಿಲ್ಲಿಸಿ, ಗಾಜು ಇಳಿಸಿ, ರಸ್ತೆಗೆಲ್ಲ ಕೇಳುವ ಹಾಗೆ ಹೇಳಿದರು.

"ಮಾರುತೇಶಪ್ಪ, ನಮ್ಮ ಶಾಫ್ಟು ದಾವಣಗೆರೆ ನೋಡ್ಕೊಂಡು ಬಂದಿದ್ದು ಸಾಕು. ಈ ಸಲ ಯಾರ ಅಂಗಡೀಲಿ ಮಿಲ್ಲಿಂಗ್ ಮಷಿನ್ ನಿಂತಿರ್ತೈತೋ, ವರ್ಷದ ಕೆಲಸ ಪೂರಾ ಆ ಅಂಗಡಿಗೆ. ಶುಕ್ರವಾರ ಸಂಜೆ ಈ ಕಡೆ ಬರ್ತೀನಿ. ನಿಂತಿದ್ರೆ ಶಾಫ್ಟು ಇಳಿಸ್ತೀನಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ತೀನಿ."

"ನಿಂತಿರ್ತೈತ್ರಿ ಅಕ್ಕೋರೆ," ಎಂದ ಮಾರುತೇಶ, ಮಷಿನ್ ಆಗಲೇ ಬಸ್ಸಿಳಿದು ನಡೆದುಕೊಂಡು ಬರುತ್ತಿದೆಯೇನೋ ಎನ್ನುವಂತೆ.

ಪಕ್ಕದ ಅಂಗಡಿಯ ಶಶಿಕಾಂತ್ ಟ್ರೇಲರಿನ ಅಡಿಯಿಂದ ತಲೆ ಹೊರಗೆ ಹಾಕಿ ಇದನ್ನು ಕೇಳಿಸಿಕೊಂಡ. ನಕ್ಕ. ಅವನು ಯಾವಾಗಲೂ ನಗುತ್ತಿದ್ದ. ಟ್ರ್ಯಾಕ್ಟರ್ ಟ್ರೇಲರು ರಿಪೇರಿ ಮಾಡುವವನು, ಒಳ್ಳೆಯವನು. ಯಾರಿಗೂ ಇಲ್ಲ ಅಂದವನಲ್ಲ, ಯಾರಿಗೂ ಏನೂ ಕೊಟ್ಟವನೂ ಅಲ್ಲ.

ರಾಂಪುರದ ಚಿತ್ತಪ್ಪ ಎಂಬುವವನ ಬಳಿ ಹಳೆಯ ಮಿಲ್ಲಿಂಗ್ ಮಷಿನ್ ಇರುವುದು ಮಾರುತೇಶನಿಗೆ ಗೊತ್ತಿತ್ತು. ಚಿತ್ತಪ್ಪನ ಅಣ್ಣ ನಡೆಸುತ್ತಿದ್ದ ವರ್ಕ್‌ಶಾಪು. ಅಣ್ಣ ಹೊಸಪೇಟೆಗೆ ಹೋಗಿ ನೆಲೆನಿಂತ ಮೇಲೆ ಚಿತ್ತಪ್ಪ ಆ ಶೆಡ್ಡಿನಲ್ಲಿ ಡ್ರಿಪ್ ಪೈಪು ಮಾರುತ್ತಿದ್ದ. ಮಾರುತೇಶ ವಾಟ್ಸ್ಯಾಪಿನಲ್ಲಿ ಫೋಟೋ ತರಿಸಿದ. ಮಷಿನ್ ಇನ್ನೂ ನೋಡದೆಯೇ, ಅದರ ಪಾದದ ನಾಲ್ಕು ತೂತುಗಳ ನಡುವಿನ ಅಳತೆ ತರಿಸಿಕೊಂಡು ಅಂಗಡಿಯ ಈಶಾನ್ಯ ಮೂಲೆಯಲ್ಲಿ ಸಿಮೆಂಟಿನ ಕಟ್ಟೆ ಹಾಕಿದ. ಕಟ್ಟೆಯಲ್ಲಿ ನಾಲ್ಕು ಬೋಲ್ಟು ನೆಟ್ಟ. ನೀರು ಮಟ್ಟ ಇಟ್ಟು ನೋಡಿದ. ಬೋಲ್ಟಿನಿಂದ ಬೋಲ್ಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಬಂದವರಿಗೆಲ್ಲ ಆ ಕಟ್ಟೆ ತೋರಿಸಿದ. ಶಶಿಕಾಂತನಿಗಂತೂ ಎರಡು ಸಲ ತೋರಿಸಿದ.

"ಅಳತೆ ಅಂದ್ರೆ ನೀನೇ ಅಣ್ಣ," ಎಂದ ಶಶಿಕಾಂತ್.

ಅಂಗಡಿಯ ಎದುರಿಗೆ ಹನುಮಂತರಾಯನ ಪೇಂಟಿನ ಅಂಗಡಿ. ಪೇಂಟು ಮಾರುವುದು ಹೊಟ್ಟೆಪಾಡು. ವಾಸ್ತು ಹೇಳುವುದು ಆತ್ಮತೃಪ್ತಿ. ವಿದ್ಯೆ ಫೋನಿನಿಂದ ಬಂದದ್ದು. ಬೇಸಿಗೆಯಲ್ಲಿ ಅವನು ಮಾರುತೇಶನ ಶಟರನ್ನು ನೋಡಿ, "ದಕ್ಷಿಣಕ್ಕೆ ಇಷ್ಟು ದೊಡ್ಡ ಬಾಯಿ ತೆಗೆದ್ರೆ ಬಂದ ಲಕ್ಷ್ಮಿ ನಿಲ್ತಾಳೇನೋ? ಕಿರಿದು ಮಾಡು," ಎಂದಿದ್ದ. ಮಾರುತೇಶ ಶಟರು ಕಿತ್ತು, ಇಟ್ಟಿಗೆ ಕಟ್ಟಿ, ಕಬ್ಬಿಣದ ಒಂಟಿ ಬಾಗಿಲು ಹಾಕಿಸಿದ. ಅಂದಿನಿಂದ ಅವನ ಬೈಕು ಹ್ಯಾಂಡಲ್ ತಿರುವಿಕೊಂಡು, ಮುನಿಸಿಕೊಂಡವರ ಹಾಗೆ ಮುಖ ಅತ್ತ ಮಾಡಿ ಒಳಗೆ ಬರುತ್ತಿತ್ತು. ಲಕ್ಷ್ಮಿ ಹೊರಗೆ ಹೋಗಲಿಲ್ಲ ಎಂಬುದಂತೂ ನಿಜ. ಒಳಗೆ ಬಂದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾರುತೇಶ ಸವೆತ ಅಳೆಯುವ ಡಯಲ್ ಗೇಜನ್ನು ಹೆಂಡತಿ ಕಾಂಚನಾಳ ಹಳೇ ಸೀರೆ ತುಂಡಿನಲ್ಲಿ ಸುತ್ತಿ ಬೈಕು ಹತ್ತಿದ. ಒಬ್ಬನೇ ಹೋಗಿ, ನೋಡಿ, ಒಪ್ಪಿಗೆಯಾದರೆ ಲಾರಿಗೆ ಹಾಕಿಸಿಕೊಂಡು ಸಂಜೆಯೊಳಗೆ ಬರುವುದು ಅವನ ಯೋಚನೆ. ಈ ರಸ್ತೆಯಲ್ಲಿ ಒಬ್ಬನೇ ಏನಾದರೂ ಮಾಡಬಹುದು ಎಂದು ಅವನಿಗೆ ಯಾಕೆ ಅನ್ನಿಸಿತೋ.

"ಒಬ್ನೇ ಹೊಂಟೆಯಾ?" ಹನುಮಂತರಾಯ ರಸ್ತೆ ದಾಟಿ ಬಂದ. "ಹೆಣ್ಣು ನೋಡೋಕೆ ಯಾರಾದ್ರೂ ಒಬ್ನೇ ಹೋಗ್ತಾರೇನಲೇ? ನಾಲ್ಕು ಕಣ್ಣು ಬೇಕು."

"ಮಷಿನ್ ನೋಡೋಕೆ ಹೋಗ್ತಿರೋದು."

"ಅದಕ್ಕೆ ಎಂಟು ಬೇಕು."

ಇನ್ನೆರಡು ಕಣ್ಣು ಟೀ ಅಂಗಡಿಯಿಂದ ಎದ್ದು ಬಂದವು. ಅವು ಯರ್ರಪ್ಪನವು. ಎತ್ತಿನ ದಲ್ಲಾಳಿ. ಎತ್ತಿನ ವ್ಯಾಪಾರ ಟ್ರ್ಯಾಕ್ಟರಿನ ಹೊಗೆಯಲ್ಲಿ ಕರಗಿಹೋಗಿದ್ದರೂ ಹೆಗಲ ಮೇಲಿನ ಟವಲು ಹಾಗೇ ಇತ್ತು. "ವಸ್ತು ಯಾವ್ದಾದ್ರೇನು, ನೋಡೋ ಕಣ್ಣು ಒಂದೇ," ಎಂದು ಆತ ಸೀಟು ಹುಡುಕಿದ. ಬೈಕಿನಲ್ಲಿ ಅಷ್ಟು ಕಣ್ಣುಗಳಿಗೆ ಜಾಗ ಇರಲಿಲ್ಲ. ಆಗ ಶಶಿಕಾಂತ್ ತನ್ನ ಓಮ್ನಿಯ ಬೀಗದ ಕೈ ಕುಣಿಸುತ್ತ ಬಂದ.

"ಅದಕ್ಯಾಕೆ ಯೋಚನೆ? ನನ್ನ ಗಾಡಿ ಐತೆ. ನಾನೇ ಓಡಿಸ್ತೀನಿ. ಅಣ್ಣಂದು ಅಂದ್ರೆ ನಮ್ದೇ ಅಲ್ವಾ?"

ಕಾಂಚನಾ ಗಂಡನನ್ನು ನೋಡಿದಳು. ಆಮೇಲೆ ಶಶಿಕಾಂತನ ಓಮ್ನಿಯನ್ನು ನೋಡಿದಳು. "ಬೇಗ ಬರ್ರಿ. ಆರತಿ ತಟ್ಟೆ ಮಾಡಿ ಇಟ್ಟಿರ್ತೀನಿ," ಎಂದಳು.

ತಳಕಿನಲ್ಲಿ ಟೀ ಆಯಿತು. ಮಾರುತೇಶ ಹಣ ಕೊಟ್ಟ. ಬಿ.ಜಿ. ಕೆರೆಯಲ್ಲಿ ಮೆಣಸಿನಕಾಯಿ ಬಜ್ಜಿ ಬಿಸಿಯಾಗಿತ್ತು. ಅದಕ್ಕೂ ಕೊಟ್ಟ. ಮೊಳಕಾಲ್ಮೂರಿನ ಕಡೆ ತಿರುಗುವ ರಸ್ತೆ ಬಂದಾಗ ಹನುಮಂತರಾಯ, "ಹೆಂಗೂ ಇಷ್ಟು ದೂರ ಬಂದೀವಿ. ಮಗಳಿಗೆ ಒಂದು ರೇಷ್ಮೆ ಸೀರೆ ನೋಡ್ಕೊಂಡು ಹೋಗೋಣ," ಎಂದ. ಅವನನ್ನು ಗದರಿಸಿ ಸುಮ್ಮನಿರಿಸಲು ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಸೀರೆ ನೋಡಿ ಬರಬಹುದಿತ್ತು.

ಶಶಿಕಾಂತ್ ದಾರಿಯುದ್ದಕ್ಕೂ ಕೇಳಿದ್ದು ಒಂದೇ ಪ್ರಶ್ನೆ.

"ಮಷಿನ್ ಅಗಲ ಎಷ್ಟು ಬರ್ತೈತಣ್ಣ?"

ಅಳತೆ ಕೇಳಿದ್ದಕ್ಕೆ ಮಾರುತೇಶನಿಗೆ ಖುಷಿಯಾಯಿತು. "ಟೇಬಲ್ ಹಿಡಿದ್ರೆ ನಾಲ್ಕಡಿ ಮೇಲೆ. ಟೇಬಲ್ ಕಳಚಿದ್ರೂ ಮೈ ಮೂರಡಿ ದಾಟ್ತೈತೆ. ಭಾರೀ ಮೈ!" ಎಂದು ಎರಡೂ ಕೈ ಚಾಚಿ ತೋರಿಸಿದ.

"ಹೂಂ," ಎಂದ ಶಶಿಕಾಂತ್. ಆಮೇಲೆ ರಾಂಪುರದವರೆಗೆ ಏನೋ ಹಾಡು ಗುನುಗಿಕೊಂಡ.

ಚಿತ್ತಪ್ಪನ ಶೆಡ್ಡು ಮನೆಯ ಹಿಂದಿತ್ತು. ಡ್ರಿಪ್ ಪೈಪಿನ ಸುರುಳಿಗಳ ನಡುವೆ ಮಿಲ್ಲಿಂಗ್ ಮಷಿನ್, ನೆಂಟರ ಗದ್ದಲದಲ್ಲಿ ಮೂಲೆ ಹಿಡಿದ ಅಜ್ಜನ ಹಾಗೆ ನಿಂತಿತ್ತು. ಅದರ ಟೇಬಲಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ಮೈತುಂಬ ಅರಿಶಿನ, ಕುಂಕುಮ, ವಿಭೂತಿ, ಒಣಗಿದ ಚೆಂಡುಹೂ.

"ಚೂಡಂಡಿ, ನೋಡ್ರಿ!" ಚಿತ್ತಪ್ಪ ತೆಲುಗು ಬೆರೆಸಿ ಹೇಳುತ್ತ ಕೈ ಬೀಸಿದ. "ಬಂಗಾರದಂಥಾ ಮಷಿನ್. ನಮ್ಮಣ್ಣ ಇದರ ಮೇಲೆ ಮಾಡದ ಕೆಲಸ ಇಲ್ಲ."

"ಕರೆಂಟ್ ಹಾಕು, ಓಡಿಸಿ ನೋಡ್ತೀನಿ," ಎಂದ ಮಾರುತೇಶ.

"ತ್ರೀ ಫೇಸು ಮಧ್ಯಾಹ್ನ ಬರ್ತೈತ್ರಿ. ನಿನ್ನೆ ತನಕ ಬೆಳಿಗ್ಗೆ ಇತ್ತು. ಈ ವಾರ ಪಾಳಿ ಬದಲು. ಅಷ್ಟರಾಗೆ ಉಪ್ಪಿಟ್ಟು ತಿನ್ರಿ."

ಉಪ್ಪಿಟ್ಟಿನ ಮೇಲೆ ಗೋಡಂಬಿ ಇತ್ತು. ಇದು ಲೋಹದ ವ್ಯಾಪಾರದಲ್ಲಿ ಅಪಾಯದ ಸೂಚನೆ. ಚಿತ್ತಪ್ಪನ ತಾಯಿ ಲಕ್ಷ್ಮಕ್ಕ ಬೇಡವೆಂದರೂ ತಟ್ಟೆಗೆ ಸುರಿದಳು. ಮೇಲೆ ಕೇಸರಿಬಾತು. ಹೊಟ್ಟೆ ತುಂಬಿಸಿದ ಮನೆಯ ಮಷಿನಿಗೆ ಡಯಲ್ ಗೇಜು ಹಚ್ಚಿ ತಪ್ಪು ಹುಡುಕುವುದಾದರೂ ಹೇಗೆ? ಮಾರುತೇಶ ಕೈ ತೊಳೆದು, ಮುಖ ಗಟ್ಟಿ ಮಾಡಿಕೊಂಡು ಶೆಡ್ಡಿಗೆ ಹೋದಾಗ ಉಳಿದವರು ಪರೀಕ್ಷೆ ಶುರುಮಾಡಿಯಾಗಿತ್ತು.

ಯರ್ರಪ್ಪ ಮಷಿನ್ನಿನ ಸುತ್ತ ಪ್ರದಕ್ಷಿಣೆ ಬಂದ. ಬೆನ್ನು ತಟ್ಟಿದ. ಹೊಟ್ಟೆಯ ಕೆಳಗೆ ಕೈ ಹಾಕಿದ. ಗಿಯರಿನ ಮುಚ್ಚಳ ತೆಗೆಸಿ ಒಳಗೆ ಇಣುಕಿದ.

"ಹಲ್ಲು ಸವೆದಾವೆ. ಆದ್ರೆ ಯಾವುದೂ ಬಿದ್ದಿಲ್ಲ. ವಯಸ್ಸಾಗೈತೆ, ಮುದಿಯಲ್ಲ. ಮುಂಗಾಲು ಗಟ್ಟಿ." ಹಣೆಯ ಮೇಲಿದ್ದ ಎರಕದ ಗುರುತನ್ನು ಸವರಿದ. "ಇದೇನಿದು ಸುಳಿ? ಹಣೆ ಮೇಲೆ ಒಂದೇ ಸುಳಿ ಇದ್ರೆ ಯಜಮಾನನ ಬದಲಾಯಿಸ್ತೈತೆ."

"ಅದು ಕಂಪನಿ ಗುರುತು, ಯರ್ರಪ್ಪಣ್ಣ."

"ಎತ್ತಿಗೂ ಸುಳಿ ದೇವರು ಹಾಕಿದ ಗುರುತೇ," ಎಂದ ಯರ್ರಪ್ಪ.

ಹನುಮಂತರಾಯ ಫೋನಿನ ದಿಕ್ಸೂಚಿಯನ್ನು ಮಷಿನ್ನಿನ ಪಕ್ಕ ಹಿಡಿದ. ಅಷ್ಟು ಕಬ್ಬಿಣದ ಪಕ್ಕದಲ್ಲಿ ಅದರ ಮುಳ್ಳು ಹುಚ್ಚು ಹಿಡಿದಂತೆ ಸುತ್ತಿತು. ಅವನ ಮುಖ ಗಂಭೀರವಾಯಿತು.

"ಉತ್ತರ ಎಲ್ಲೈತೆ ಅಂತ ಇದಕ್ಕೇ ಗೊತ್ತಿಲ್ಲ. ಬಾಳ ಶಕ್ತಿ ಐತೆ ಇದರಾಗೆ. ಈಶಾನ್ಯದಾಗೆ ಇಟ್ರೆ ತಡ್ಕೊಳ್ಳೋದು ಕಷ್ಟ."

"ಕಟ್ಟೆ ಈಶಾನ್ಯದಾಗೇ ಹಾಕ್ಸಿದ್ದು ನೀನಲ್ವಾ?"

"ಆಗ ಮಷಿನ್ ನೋಡಿರ್ಲಿಲ್ಲ."

ಶಶಿಕಾಂತ್ ಒಂದು ಫೋಟೋ ತೆಗೆದುಕೊಂಡ. ಆಮೇಲೆ "ಮನೆಗೊಂದು ಫೋನ್ ಮಾಡಿ ಬರ್ತೀನಿ" ಎಂದು ಪೈಪುಗಳ ಆಚೆಗೆ ಹೋದ. ಬಹಳ ಹೊತ್ತು ಮಾತಾಡಿದ. ಮನೆಯವರ ಮೇಲೆ ಪ್ರೀತಿ ಇದ್ದವನು.

ಮಾರುತೇಶ ಕೋಳಿಯನ್ನು ವಿನಯದಿಂದ ಎಬ್ಬಿಸಿ ಕೆಲಸ ಹಿಡಿದ. ಟೇಬಲಿನ ಎರಡೂ ತುದಿ ಹಿಡಿದು ಅಲ್ಲಾಡಿಸಿದ. ಜಗ್ಗಲಿಲ್ಲ. ಹಿಡಿ ತಿರುವಿದ. ಸಡಿಲ ಇಲ್ಲ. ಡಯಲ್ ಗೇಜು ಹಚ್ಚಿದ. ಮುಳ್ಳು ಅಲುಗಲಿಲ್ಲ. ಅವನಿಗೆ ಸಂತೋಷವಾಗುವ ಬದಲು ಅನುಮಾನವಾಯಿತು. ಇಷ್ಟು ವರ್ಷದ ಮಷಿನ್ ಹೊಸದಕ್ಕಿಂತ ಬಿಗಿಯಾಗಿರುವುದು, ಎಂಬತ್ತರ ಅಜ್ಜನಿಗೆ ಹಾಲುಹಲ್ಲು ಇದ್ದ ಹಾಗೆ. ಬಗ್ಗಿ ಟೇಬಲ್ ಜಾರುವ ದಾರಿಯ ಸಂದಿನಲ್ಲಿ ಉಗುರಿನಿಂದ ಕೆರೆದ. ಕೆಂಪಗೆ ಏನೋ ಚಕ್ಕೆಯಾಗಿ ಎದ್ದು ಬಂತು. ಇನ್ನೂ ಕೆರೆದ. ಸ್ಕ್ರೂಡ್ರೈವರ್ ತಂದ. ವರ್ಷ ವರ್ಷವೂ ಆಯುಧ ಪೂಜೆಗೆ ಹಚ್ಚಿದ ಕುಂಕುಮ ಎಣ್ಣೆಯಲ್ಲಿ ನೆನೆದು, ಒಣಗಿ, ಕಲ್ಲಾಗಿ, ಮಷಿನ್ನಿನ ಸವೆತವನ್ನೆಲ್ಲ ಭಕ್ತಿಯಿಂದ ತುಂಬಿತ್ತು.

"ಅಯ್ಯೋ ನಾಯನಾ!" ಬಾಗಿಲಲ್ಲಿ ಲಕ್ಷ್ಮಕ್ಕ ಲೋಟ ಹಿಡಿದು ನಿಂತಿದ್ದಳು. "ದೇವರ ಕುಂಕುಮ ಕೆರೀತೀಯಲ್ಲೋ! ಶುಕ್ರವಾರ! ಗೋಡಂಬಿ ಉಪ್ಪಿಟ್ಟು ತಿಂದು!"

"ಅವ್ವ, ಮಷಿನ್ ನೋಡ್ಬೇಕಲ್ಲ..."

"ನೋಡು, ಬ್ಯಾಡ ಅಂದೋರು ಯಾರು? ಕಣ್ಣಾಗೆ ನೋಡು. ಹೆಣ್ಣು ನೋಡೋಕೆ ಬಂದೋರು ಹಣೆ ಕುಂಕುಮ ಕೆರೆದು ನೋಡ್ತಾರೇನು?"

ಹನುಮಂತರಾಯ ನೊಂದ ಮುಖ ಮಾಡಿ, "ನಾನು ಬ್ಯಾಡ ಅಂದೆ ತಾಯಿ, ಕೇಳ್ಲಿಲ್ಲ," ಎಂದ. ಅವನು ಅಲ್ಲಿಯವರೆಗೆ ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಮಾರುತೇಶ ಮಷಿನ್ನಿಗೆ ಮೂರು ಸಲ ಕೈ ಮುಗಿದು ತಪ್ಪಾಯಿತು ಎಂದ ಮೇಲೆ ಲಕ್ಷ್ಮಕ್ಕ ಒಳಗೆ ಹೋದಳು. ಲೋಟದ ಮಜ್ಜಿಗೆಯೂ ಅವಳ ಜೊತೆಗೇ ಹೋಯಿತು.

ಕುಂಕುಮ ಹೋದ ಮೇಲೆ ಟೇಬಲ್ ನಿಜ ಹೇಳಿತು. ನಡುವೆ ಸಡಿಲ, ತುದಿಗಳಲ್ಲಿ ಬಿಗಿ. ಎಲ್ಲರೂ ನಡುವಿನಲ್ಲೇ ಕೆಲಸ ಮಾಡುವುದರಿಂದ ಹಳೆಯ ಮಷಿನ್‌ಗಳ ಗತಿಯೇ ಅಷ್ಟು. ನಡುವನ್ನು ಬಿಗಿ ಮಾಡಿದರೆ ತುದಿಯಲ್ಲಿ ಸಿಕ್ಕಿಬೀಳುತ್ತದೆ. ಮಾರುತೇಶ ಲೆಕ್ಕ ಹಾಕಿದ. ಅಚ್ಚು ಮಾಡುವ ನಾಜೂಕು ಕೆಲಸಕ್ಕಾದರೆ ಇದು ನಾಲಾಯಕ್ಕು. ಆದರೆ ಚಳ್ಳಕೆರೆಯಲ್ಲಿ ಯಾರು ಅಚ್ಚು ಕೇಳುತ್ತಾರೆ? ಶಾಫ್ಟಿಗೆ ಕಾಲುವೆ, ಶೇಂಗಾ ಮಷಿನ್ನಿಗೆ ಒಂದು ಗಿಯರು, ಪಂಪಿಗೆ ಒಂದು ಚಪ್ಪಟೆ ಮುಖ. ಜೊತೆಗೆ ಚಿತ್ತಪ್ಪ ಗಿಯರಿನ ಹಲ್ಲು ಸಮವಾಗಿ ಭಾಗ ಮಾಡುವ ಹೆಡ್ಡನ್ನೂ, ಕೆಲಸದ ತುಂಡನ್ನು ಬಿಗಿಹಿಡಿಯುವ ವೈಸನ್ನೂ, ಒಂದು ಡಬ್ಬಿ ಕಟರುಗಳನ್ನೂ ಕೊಡುತ್ತಿದ್ದ. ಟೇಬಲಿನ ನಡುವಿನ ಜಾಗ ಬಿಟ್ಟು ಸ್ವಲ್ಪ ಪಕ್ಕಕ್ಕೆ ವೈಸು ಕೂರಿಸಿದರೆ ಸಾಕು. ಜನರಲ್ ವರ್ಕ್‌ಶಾಪಿಗೆ ಜನರಲ್ ಮಷಿನ್. ಅವನ ಜೀವನದಲ್ಲಿ ಅವನೇ ಸ್ವಂತವಾಗಿ ತೆಗೆದುಕೊಂಡ ಮೊದಲನೆಯ ಸರಿಯಾದ ತೀರ್ಮಾನ ಅದು.

ಅಷ್ಟರಲ್ಲಿ ಕರೆಂಟ್ ಬಂತು. ಚಿತ್ತಪ್ಪ ಸ್ವಿಚ್ಚು ಒತ್ತಿದ. ಮಷಿನ್ ಕೆಮ್ಮಿ, ಗೊಣಗಿ, ತಿರುಗಿತು. ಉಲ್ಟಾ ತಿರುಗಿತು.

"ನೋಡಿದ್ಯಾ?" ಹನುಮಂತರಾಯ ಹಾರಿಬಿದ್ದ. "ಅಪ್ರದಕ್ಷಿಣೆ! ಕುಂಕುಮ ಕೆರೆದಿದ್ದಕ್ಕೆ ಇದು!"

"ಎಡಗೊರಸು ಇರಬೌದು," ಎಂದ ಯರ್ರಪ್ಪ. "ಎಡಗಡೆ ಕಟ್ಟಿದ ಎತ್ತನ್ನ ಬಲಗಡೆ ಕಟ್ಟಿದ್ರೆ ಹಿಂಗೇ ಮಾಡ್ತಾವೆ."

ಮಾರುತೇಶ ಮೋಟಾರಿನ ಎರಡು ವಯರನ್ನು ಅದಲುಬದಲು ಮಾಡಿದ. ಮಷಿನ್ ಪ್ರದಕ್ಷಿಣವಾಗಿ ತಿರುಗಿತು. "ನಾನು ಮನಸ್ಸಿನಾಗೇ ಮಂತ್ರ ಹೇಳ್ದೆ," ಎಂದು ಹನುಮಂತರಾಯ ಚಿತ್ತಪ್ಪನಿಗೆ ತಿಳಿಸಿದ.

ವ್ಯಾಪಾರ ಕುದುರಿಸುವ ಹೊತ್ತಿಗೆ ಯರ್ರಪ್ಪ ಎತ್ತಿನ ಸಂತೆಯ ಪದ್ಧತಿಯಂತೆ ಚಿತ್ತಪ್ಪನ ಕೈಯ ಮೇಲೆ ಟವಲು ಹೊದಿಸಿ, ಅಡಿಯಲ್ಲಿ ಬೆರಳು ಹಿಡಿದ. ಡ್ರಿಪ್ ಪೈಪಿನ ವ್ಯಾಪಾರಿ ಬೆಚ್ಚಿಬಿದ್ದು ಕೈ ಕಿತ್ತುಕೊಂಡ. "ಏಂದಿ ತಾತಾ ಇದು? ಬಾಯಾಗೆ ಹೇಳ್ರಿ!" ಬಾಯಲ್ಲೇ ಹೇಳಿದರು. ಕುಂಕುಮ ಕೆರೆದ ತಪ್ಪಿಗೆ ಮಾರುತೇಶನಿಗೆ ಕಡಿಮೆ ಮಾಡಿ ಎನ್ನುವ ನೈತಿಕ ಹಕ್ಕು ಉಳಿದಿರಲಿಲ್ಲ. ಹೆಂಡತಿಯ ಬಳೆ ಬ್ಯಾಂಕಿನಲ್ಲಿಟ್ಟು ತಂದದ್ದೆಲ್ಲ ಅಲ್ಲೇ ಇಳಿಯಿತು.

ಲಾರಿ ಚಳ್ಳಕೆರೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಡಿಗೆಗೆ ಹೇಳಿದ್ದ ಸಂಗಮೇಶನ ಹೈಡ್ರಾ ಕ್ರೇನು ಕಾದು ನಿಂತಿತ್ತು. ಕಾಂಚನಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ರಸ್ತೆಯ ಜನವೆಲ್ಲ ಕೆಲಸ ಬಿಟ್ಟು ಸೇರಿದ್ದರು. ಕೆಲಸ ಇಲ್ಲದವರು ಮುಂಚೆಯೇ ಬಂದು ಒಳ್ಳೆಯ ಜಾಗ ಹಿಡಿದಿದ್ದರು. ಸಂಗಮೇಶ ಮಷಿನ್ನಿಗೆ ಬೆಲ್ಟು ಹಾಕಿ ಎತ್ತಿದ. ಅದು ಗಾಳಿಯಲ್ಲಿ ತೂಗುತ್ತ ಮಾರುತೇಶನ ಅಂಗಡಿಯ ಮುಂದೆ ಬಂತು. ಕಾಂಚನಾ ಆರತಿ ಬೆಳಗಿದಳು. ಮಾರುತೇಶನ ಎದೆ ಉಬ್ಬಿತು.

ಸಂಗಮೇಶ ಕ್ರೇನಿನಿಂದ ಇಳಿದು ಬಾಗಿಲು ನೋಡಿದ. ಮಷಿನ್ ನೋಡಿದ. ಮತ್ತೆ ಬಾಗಿಲು ನೋಡಿದ.

"ಅಣ್ಣ, ಹಿಂದ್ಗಡೆ ಇನ್ನೊಂದು ಬಾಗಿಲು ಐತಾ?"

"ಇಲ್ಲ. ಇದೇ."

"ಇದ್ರಾಗೆ ನಾನು ಹೋಗೋದೇ ಕಷ್ಟ ಐತಲ್ಲಣ್ಣ."

ಮಾರುತೇಶ ಜೇಬಿನಿಂದ ಟೇಪು ತೆಗೆದು ಬಾಗಿಲಿಗೆ ಹಿಡಿದ. ಎರಡೂವರೆ ಅಡಿ. ಸ್ವಲ್ಪ ಮೇಲೆ ಹಿಡಿದ. ಎರಡೂವರೆ. ಅವನು ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವನು. ಬಾಗಿಲು ಕೂದಲಿಗಿಂತ ಬಹಳ ದೊಡ್ಡದು. ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ.

"ಟೇಬಲ್ ಬಿಚ್ಚಿದ್ರೆ?" ಯಾರೋ ಕೇಳಿದರು.

"ಬಿಚ್ಚಿದ್ರೂ ಮೂರಡಿ ದಾಟ್ತೈತಂತೆ ಮೈ," ಎಂದ ಶಶಿಕಾಂತ್, ಬಹಳ ದುಃಖದಿಂದ. "ಅಣ್ಣನೇ ಹೇಳಿದ್ದು."

ಮಾರುತೇಶ ಒಳಗೆ ನುಗ್ಗಿ ದೊಡ್ಡ ಸುತ್ತಿಗೆ ತಂದ. "ಗೋಡೆ ಒಡೀತೀನಿ!"

ಹನುಮಂತರಾಯ ಅವನ ಕೈಗೆ ಜೋತುಬಿದ್ದ. "ಹುಚ್ಚೇನೋ ನಿಂಗೆ? ಶುಕ್ರವಾರ, ದೀಪ ಹಚ್ಚೋ ಹೊತ್ನಾಗೆ ಬಾಗಿಲು ಒಡೀತೀಯಾ? ಲಕ್ಷ್ಮಿ ಎದ್ದು ಹೋಗ್ತಾಳೆ!"

"ಎಲ್ಲೈದಾಳೆ ಲಕ್ಷ್ಮಿ? ತೋರ್ಸು!"

"ನಾನು ಆರತಿ ತಟ್ಟೆ ಹಿಡ್ಕೊಂಡು ನಿಂತೀನಿ, ನೀವು ಸುತ್ತಿಗೆ ಹಿಡ್ಕೊಂಡು ಬಂದೀರಿ!" ಎಂದಳು ಕಾಂಚನಾ. ಅವಳ ಕಣ್ಣಲ್ಲಿ ನೀರಿತ್ತು. ಬೋಳು ಕೈಯ ಮೇಲೆ ಆರತಿಯ ಬೆಳಕು ಬಿದ್ದಿತ್ತು. ಮಾರುತೇಶ ಸುತ್ತಿಗೆ ಕೆಳಗಿಟ್ಟ.

"ಬೇಗ ಹೇಳಣ್ಣ," ಎಂದ ಸಂಗಮೇಶ. "ನನಗೆ ಬೋರ್‌ವೆಲ್ ಮೋಟ್ರು ಎತ್ತೋದೈತೆ. ರಸ್ತೆ ಮೇಲೆ ಬಿಡ್ಲಾ?"

ಬಳ್ಳಾರಿ ಕಡೆಯ ಲಾರಿಗಳು ಹಾರ್ನು ಹೊಡೆಯುತ್ತ ಸಾಲುಗಟ್ಟಿದ್ದವು. ಆಗ ಶಶಿಕಾಂತ್ ತನ್ನ ಶಟರು ಎತ್ತಿದ. ಟ್ರ್ಯಾಕ್ಟರು ಟ್ರೇಲರಿನ ಸಮೇತ ಹೋಗುವ ಶಟರು. ಅದು ಮೇಲೆ ಹೋಯಿತು, ಹೋಯಿತು, ಇನ್ನೂ ಹೋಯಿತು.

"ಒಂದು ರಾತ್ರಿ ತಾನೆ ಅಣ್ಣ? ನಮ್ಮಂಗಡೀಲಿ ಇರ್ಲಿ. ನಂದು ನಿಂದು ಅಂತ ಏನೈತೆ?"

ಒಳಗೆ ನಡುವಿನ ಜಾಗ ಖಾಲಿ ಮಾಡಿತ್ತು. ಗುಡಿಸಿತ್ತು. ನೀರು ಚಿಮುಕಿಸಿತ್ತು. ಚಿಕ್ಕದೊಂದು ರಂಗೋಲಿಯೂ ಇತ್ತು. ಬೆಳಿಗ್ಗೆಯಿಂದ ಜೊತೆಗೇ ಇದ್ದವನು ಇದನ್ನೆಲ್ಲ ಯಾವಾಗ ಮಾಡಿಸಿದ ಎಂದು ಕೇಳುವ ತಾಳ್ಮೆ ಮಾರುತೇಶನಿಗೆ ಇರಲಿಲ್ಲ. ಕಾಂಚನಾ ಮಾತ್ರ ರಂಗೋಲಿಯನ್ನೂ ಶಶಿಕಾಂತನ ಫೋನನ್ನೂ ಒಂದಾದ ಮೇಲೆ ಒಂದು ನೋಡಿದಳು. ಮಷಿನ್ ಒಳಗೆ ಹೋಗಿ ರಂಗೋಲಿಯ ಮೇಲೆ ಕೂತಿತು.

ಹನುಮಂತರಾಯನಿಗೆ ಕಬ್ಬಿಣ ಕೂತದ್ದು ಕಂಡರೆ ಕೈ ತಡೆಯುವುದಿಲ್ಲ. ಕಾಂಚನಾಳ ತಟ್ಟೆಯಿಂದಲೇ ತೆಂಗಿನಕಾಯಿ ಎತ್ತಿಕೊಂಡು ಒಡೆದ. ಕರ್ಪೂರ ಹಚ್ಚಿದ. ಮೂರು ಬೆರಳಿನಲ್ಲಿ ವಿಭೂತಿ ಎಳೆದ. ಕುಂಕುಮ ಇಟ್ಟ. ಎಲ್ಲರೂ ಕೈ ಮುಗಿದರು. ಅಭ್ಯಾಸಬಲದಿಂದ ಮಾರುತೇಶನೂ ಮುಗಿದ.

"ಅಲ್ಲಿಗೆ ಸ್ಥಾಪನೆ ಆಯ್ತು," ಎಂದ ಯರ್ರಪ್ಪ ಹೋಳು ಕಾಯಿ ಅಗಿಯುತ್ತ. "ಇನ್ನು ಅಲ್ಲಾಡಿಸಂಗಿಲ್ಲ."

"ಏನಂದ್ರಿ?" ಎಂದ ಮಾರುತೇಶ.

"ಕಾಯಿ ಒಡೆದು ಕೂರ್ಸಿದ ಕಬ್ಬಿಣ ಕೀಳ್ತಾರೇನೋ? ಕೊಟ್ಟಿಗೇಲಿ ಪೂಜೆ ಮಾಡಿ ಕಟ್ಟಿದ ಎತ್ತನ್ನ ಆವತ್ತೇ ಬಿಚ್ತಾರೇನು? ಮುಂದಿನ ಆಯುಧ ಪೂಜೆಗೆ ಬಲಿ ಕೊಟ್ಟು ಎತ್ಬೇಕು."

ಎಲ್ಲರ ಕಣ್ಣೂ ಬಾಗಿಲಿನ ಬಾಳೆಕಂದಿನ ಕಡೆ ಹೋಯಿತು. ಅದಿನ್ನೂ ಅರ್ಧ ಹಸಿರಾಗಿತ್ತು.

"ಹನುಮಂತರಾಯ! ಯಾಕೋ ಕಾಯಿ ಒಡೆದೆ?"

"ಒಡೀದೆ ಬಿಟ್ರೆ ಒಳ್ಳೇದಾಗ್ತಿರ್ಲಿಲ್ಲ ಕಣೋ," ಎಂದ ಹನುಮಂತರಾಯ, ಮಾರುತೇಶನಿಗೆ ಈಗ ಆಗಿರುವ ಒಳ್ಳೆಯದನ್ನು ಕಣ್ಣಾರೆ ನೋಡುತ್ತ.

ಜಗದಾಂಬ ಅವರ ಕಾರು ಬಂತು. ಅವರು ಇಳಿದು ಮೊದಲು ಮಾರುತೇಶನ ಅಂಗಡಿಯ ಬಾಗಿಲಲ್ಲಿ ಇಣುಕಿದರು. ಅಲ್ಲಿ ಕಟ್ಟೆ ಇತ್ತು, ಬೋಲ್ಟು ಇತ್ತು. ಆಮೇಲೆ ಶಶಿಕಾಂತನ ಅಂಗಡಿಗೆ ಬಂದರು. ಅಲ್ಲಿ ಮಷಿನ್ ಇತ್ತು.

"ಶಾಫ್ಟು ಇಲ್ಲೇ ಇಳಿಸ್ರಪ್ಪ," ಎಂದರು ಡ್ರೈವರಿಗೆ.

"ಅಕ್ಕೋರೆ, ಮಷಿನ್ ನಂದ್ರೀ!"

"ಇರಬೌದಪ್ಪ. ನಾನೇನಂದಿದ್ದೆ? ಯಾರ ಅಂಗಡೀಲಿ ನಿಂತಿರ್ತೈತೋ ಆ ಅಂಗಡಿಗೆ ಕೆಲಸ ಅಂದಿದ್ದೆ. ಇಡೀ ರಸ್ತೆ ಕೇಳೈತೆ. ನಾಳೆ ಇದನ್ನ ನಿನ್ನಂಗಡಿಗೆ ಎತ್ಕೊಂಡು ಹೋಗ್ತೀಯಾ?"

ಮಾರುತೇಶ ಮಷಿನ್ನಿನ ಹಣೆ ನೋಡಿದ. ವಿಭೂತಿ ಇನ್ನೂ ಹಸಿಯಾಗಿತ್ತು. ಹೆಂಡತಿಯ ಮುಖ ನೋಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಶಶಿಕಾಂತನ ಆಟ ಎಷ್ಟೇ ಅರ್ಥವಾಗಿದ್ದರೂ, ಪೂಜೆಯಾದದ್ದನ್ನು ಕೀಳಿಸುವ ಧೈರ್ಯ ಅವಳಿಗಿರಲಿಲ್ಲ.

"ಮುಂದಿನ ಆಯುಧ ಪೂಜೆಗ್ರೀ," ಎಂದ ಮಾರುತೇಶ.

"ಆವಾಗ ನೋಡೋಣ ಬಿಡು. ನಾನು ಮಾತಿಗೆ ತಪ್ಪೋಳಲ್ಲ," ಎಂದು ಜಗದಾಂಬ ಕಾರು ಹತ್ತಿದರು. ಅವರು ನ್ಯಾಯಸ್ಥರು. ಆ ರಸ್ತೆಯಲ್ಲಿ ಅದನ್ನು ಎಲ್ಲರೂ ಒಪ್ಪುತ್ತಿದ್ದರು.

ಜನ ಕರಗಿದರು. ಶಶಿಕಾಂತ್ ಮಷಿನ್ನಿನ ಒಂದು ಹಿಡಿ ತಿರುವಿ ನೋಡಿದ. ಟೇಬಲ್ ಅವನ ಹೊಟ್ಟೆಗೆ ಗುದ್ದಿತು. ಅವತ್ತು ಮಾರುತೇಶನಿಗೆ ಸಿಕ್ಕಿದ ಸಂತೋಷ ಅಷ್ಟೇ, ಅದೂ ಬಹಳ ಹೊತ್ತು ಉಳಿಯಲಿಲ್ಲ.

"ಅಣ್ಣ," ಹೊಟ್ಟೆ ಉಜ್ಜಿಕೊಳ್ಳುತ್ತ ಶಶಿಕಾಂತ್ ಹೇಳಿದ, "ಇದರ ತಲೆ ಯಾವುದು, ಬಾಲ ಯಾವುದು ನನಗೆ ಗೊತ್ತಾಗಲ್ಲ. ನೀನೇ ನಡೆಸು. ದಿನಗೂಲಿ ಕೊಡ್ತೀನಿ. ಮಷಿನ್ ನಿಂತಿರೋ ಜಾಗದ ಬಾಡಿಗೇನ ಅದರಾಗೇ ಹಿಡ್ಕೊಳ್ತೀನಿ. ಬೆಳಿಗ್ಗೆ ಬೇಗ ಬಾ. ಸ್ವಂತ ಮಷಿನ್ ಅಂತ ಸಲಿಗೆ ತಗೋಬ್ಯಾಡ."

ಮಾರುತೇಶ ಹೆಗಲು ಓರೆ ಮಾಡಿಕೊಂಡು ತನ್ನ ಅಂಗಡಿಯೊಳಗೆ ಹೋದ. ಕಟ್ಟೆಯ ಮೇಲೆ ಕೂರಲು ನೋಡಿದ. ಬೋಲ್ಟು ಚುಚ್ಚಿತು. ಎದ್ದ.

ಹನುಮಂತರಾಯ ಬಾಗಿಲಲ್ಲಿ ತಲೆ ತೂರಿಸಿದ. "ಬೇಜಾರಾಗ್ಬ್ಯಾಡ ಕಣೋ. ಈಶಾನ್ಯ ಖಾಲಿ ಉಳೀತು ನೋಡು. ಶಾಸ್ತ್ರ ಪ್ರಕಾರ ಅದೇ ಒಳ್ಳೇದು."

ಮಾರುತೇಶನ ಕಣ್ಣು ಸುತ್ತಿಗೆಯನ್ನು ಹುಡುಕಿತು. ಅದು ಹೊರಗೇ ಬಿದ್ದಿತ್ತು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಶಶಿಕಾಂತನ ದನಿ ಬಂತು, ಎಂದಿನಂತೆ ನಗುನಗುತ್ತಲೇ.

"ಅಣ್ಣಾ, ಬರೋವಾಗ ಆ ನಾಲ್ಕು ಬೋಲ್ಟು ಕಿತ್ಕೊಂಡು ಬಾ. ಇಲ್ಲಿ ಬೇಕಾಗ್ತಾವೆ. ಅಳತೆ ಸರಿ ಐತೆ ಅಂತ ನೀನೇ ತೋರ್ಸಿದ್ದಲ್ಲ!"